ಗಾಳಿ ಹೊತ್ತೊಯ್ದ ಮನೆಗೆ ಸಾಕ್ಷಿ ಯಾರು?

ಭರಣಿ ಮಳೆಯ ದಿನಗಳು. ನಮ್ಮ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಐದನೇ ದಿನ. ರೇಷ್ಮೆ ಸಾಕಿದವರಿಗೆ ಆ ಹೊತ್ತು ಗೊತ್ತಿರುತ್ತದೆ. ಹುಳು ಸೊಪ್ಪು ತಿನ್ನುವ ಸದ್ದು ಹುಳುಮನೆ ಹೊರಗೂ ಕೇಳುತ್ತದೆ, ಜಿಟಿಜಿಟಿ ಮಳೆ ಹಿಡಿದ ಹಾಗೆ. ಇನ್ನೆರಡು ದಿನ ಕಳೆದರೆ ಹಣ್ಣಾಗುತ್ತವೆ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ತಟ್ಟೆಗೆ ಬಿಡಬೇಕು. 150 ಮೊಟ್ಟೆ ಹುಳು, ಅಂದರೆ 150 ಚಿಟ್ಟೆ ಇಟ್ಟ ಮೊಟ್ಟೆಗಳಿಂದ ಬಂದ ಹುಳು. ನೂರು ಕೆ.ಜಿ. ಗೂಡಿಗೆ ಮೋಸವಿಲ್ಲ ಅಂತ ನಮ್ಮ ಮನೆಯವರು ಅಂದುಕೊಂಡಿದ್ದರು. ಶಿಡ್ಲಘಟ್ಟದ ಮಾರ್ಕೆಟ್‌ನಲ್ಲಿ ಆ ವಾರ ಬೆಲೆಯೂ ಚೆನ್ನಾಗಿತ್ತು.

ನಮ್ಮದು ಚಿಂತಾಮಣಿ ಮತ್ತು ಶ್ರೀನಿವಾಸಪುರದ ನಡುವೆ, ಮುಖ್ಯ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಸಣ್ಣ ಊರು. 42 ಮನೆ. ಅರ್ಧ ಜನ ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ಅರ್ಧ ಜನ ಕನ್ನಡ, ಹೊರಗೆ ಎರಡೂ. ಮಾವು, ರೇಷ್ಮೆ, ಟೊಮೆಟೊ, ಡೈರಿಗೆ ಹಾಲು. ಇಷ್ಟರಲ್ಲೇ ಬದುಕು.

ಸಂಜೆ ನಾಲ್ಕು ದಾಟಿತ್ತು. ಬೆಳಗ್ಗೆಯಿಂದ ವಿಪರೀತ ಸೆಖೆ, ಎಲೆ ಅಲ್ಲಾಡುತ್ತಿರಲಿಲ್ಲ. ಬಡಗಲ ಕಡೆ ಮೋಡ ಕಟ್ಟಿತು. ನಾನು ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದೆ. ಅತ್ತೆ ಜಗುಲಿ ಮೇಲೆ ಕೂತು ಮೋಡ ನೋಡಿ, "ಈ ಬಣ್ಣ ಸರಿಯಿಲ್ಲ ಕಣಮ್ಮಾ" ಅಂದರು. ಮೋಡದ ಹೊಟ್ಟೆ ಹಸಿರು ಮಿಶ್ರಿತ ಕಪ್ಪು. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅನ್ನುತ್ತಾರಲ್ಲ, ಹಾಗಾಗಿ ನನಗೆ ಖುಷಿಯೇ ಆಯಿತು. ಎರಡು ಹದ ಮಳೆ ಆದರೆ ಕೊಳವೆ ಬಾವಿಗೂ ಉಸಿರು ಬರುತ್ತದೆ ಅಂತ.

ಮೊದಲು ಆಲಿಕಲ್ಲು ಬಿತ್ತು. ನಿಂಬೆಹಣ್ಣಿನಷ್ಟು ದಪ್ಪ. ಅದು ನಿಂತ ಹಾಗಾಗಿ ಒಂದು ಕ್ಷಣ ಎಲ್ಲಾ ಸುಮ್ಮನಾಯಿತು. ಆಮೇಲೆ ಬಂದ ಸದ್ದನ್ನು ಹೇಗೆ ಹೇಳಲಿ? ದೊಡ್ಡ ಲಾರಿಗಳು ಸಾಲಾಗಿ ಹೊಲದ ಮೇಲೇ ಬರುತ್ತಿವೆ ಅನ್ನಿಸಿತು. ಕೆರೆ ಏರಿ ಆಚೆ ಮಣ್ಣು, ಹುಲ್ಲು, ಪ್ಲಾಸ್ಟಿಕ್ ಎಲ್ಲಾ ಒಟ್ಟಿಗೆ ಮೇಲೆದ್ದು ತಿರುಗುತ್ತಿತ್ತು. ಬೇಸಿಗೆಯಲ್ಲಿ ಖಾಲಿ ಹೊಲದಲ್ಲಿ ಸಣ್ಣ ಸುಳಿಗಾಳಿ ಏಳುತ್ತದಲ್ಲ, ಮಕ್ಕಳು ಅದರ ಒಳಗೆ ಓಡಿ ಆಡುತ್ತಾರಲ್ಲ, ಅದೇ ಆಕಾರ. ಆದರೆ ಅದರ ತಲೆ ಮೋಡಕ್ಕೆ ತಾಗಿತ್ತು. ಪಕ್ಕದ ಮನೆ ತಾತ "ಸುಡಿಗಾಲಿ! ಸುಡಿಗಾಲಿ!" ಅಂತ ತೆಲುಗಿನಲ್ಲಿ ಕೂಗಿದ್ದು ಮಾತ್ರ ಕೇಳಿಸಿತು. ಸುಂಟರಗಾಳಿ ಅಂತ.

ನಾವೆಲ್ಲ ಹಳೇ ಮನೆಯ ನಡುಮನೆಗೆ ಓಡಿದೆವು. ಅದು ಮಾಮ, ಅಂದರೆ ನಮ್ಮ ಮನೆಯವರ ಅಪ್ಪ, ಕಟ್ಟಿಸಿದ್ದು, ಕಲ್ಲು ಕಂಬ, ಮೇಲೆ ಕಲ್ಲು ಚಪ್ಪಡಿ. ಮಗಳನ್ನು ಹೊಟ್ಟೆಗೆ ಅವುಚಿಕೊಂಡು ಮೂಲೆಯಲ್ಲಿ ಕೂತೆ. ಹೊರಗೆ ಹುಳುಮನೆಯ ಶೀಟುಗಳು ಒಂದೊಂದಾಗಿ ಕಿತ್ತು ಹೋಗುವ ಸದ್ದು. ನಮ್ಮ ಮನೆಯವರು ಬಾಗಿಲ ಕಡೆ ಹೊರಟರು. ಅತ್ತೆ ಅವರ ಅಂಗಿ ಹಿಡಿದು ಎಳೆದು ಕೂರಿಸಿದರು. "ಹುಳು ಹೋದರೆ ಹೋಗಲಿ, ನೀನು ಕೂತ್ಕೋ!" ಅತ್ತೆ ಆ ಸ್ವರದಲ್ಲಿ ಮಾತಾಡಿದ್ದು ನಾನು ಅವತ್ತೇ ಕೇಳಿದ್ದು. ಗಡಿಯಾರ ನೋಡಿದವರು ಯಾರೂ ಇಲ್ಲ. ಹತ್ತು ನಿಮಿಷ ಇರಬಹುದು, ಕಡಿಮೆಯೂ ಇರಬಹುದು.

ಹೊರಗೆ ಬಂದಾಗ ಊರು ಗುರುತು ಸಿಗಲಿಲ್ಲ. ಮೂರು ವಿದ್ಯುತ್ ಕಂಬ ಮುರಿದಿದ್ದವು. ಹುಳುಮನೆಗೆ ಸೂರೇ ಇಲ್ಲ. ಅಡುಗೆಮನೆಯ ಹೆಂಚು ಪೂರ್ತಿ ಹೋಗಿ ಒಂದು ಕಡೆ ಗೋಡೆ ಕುಸಿದಿತ್ತು. ಮಾವಿನ ತೋಪಿನಲ್ಲಿ ಬಾದಾಮಿ ಮತ್ತು ತೋತಾಪುರಿ ಕಾಯಿ ಕಾಲಿಡಲು ಜಾಗವಿಲ್ಲದ ಹಾಗೆ ಬಿದ್ದಿದ್ದವು. ಮಾಮ ನೆಟ್ಟಿದ್ದ ಹಳೇ ಮರಗಳಲ್ಲಿ ಏಳು ಬೇರು ಸಮೇತ ಮಲಗಿದ್ದವು. ಮನುಷ್ಯರ ಜೀವ ಹೋಗಲಿಲ್ಲ, ದೇವರು ದೊಡ್ಡವನು. ಡೈರಿ ಪಕ್ಕದ ಮನೆಯ ದೊಡ್ಡಪ್ಪನ ಹಸು ಕೊಟ್ಟಿಗೆ ಗೋಡೆ ಕೆಳಗೆ ಸಿಕ್ಕಿ ಸತ್ತಿತ್ತು. ಊರ ಕೊನೆಯಲ್ಲಿ ಒಬ್ಬರೇ ಇರುವ ಅಜ್ಜಿಯ ಮನೆ ಇದ್ದ ಜಾಗದಲ್ಲಿ ಮಣ್ಣಿನ ದಿಬ್ಬ. ಅಜ್ಜಿ ಆ ಹೊತ್ತಿಗೆ ಹಾಲು ಹಾಕಲು ಡೈರಿಗೆ ಬಂದಿದ್ದರು, ಅದಕ್ಕೇ ಉಳಿದರು.

ವಿಚಿತ್ರ ಏನು ಗೊತ್ತಾ? ನಮ್ಮ ತೋಪಿನಿಂದ ಕೂಗಳತೆ ದೂರದಲ್ಲಿ ದೊಡ್ಡ ಹುಣಸೇಮರ ಇದೆ. ಅದರ ಒಂದು ಕೊಂಬೆಯೂ ಮುರಿದಿರಲಿಲ್ಲ. ಆಚೆ ಊರಿನವರಿಗೆ ಬರೀ ಜೋರು ಮಳೆ. ಗಾಳಿ ಒಂದು ಪಟ್ಟಿ ಎಳೆದ ಹಾಗೆ ಕೆರೆ ಏರಿಯಿಂದ ಬಂದು, ನಮ್ಮೂರು ದಾಟಿ, ಬೆಟ್ಟದ ಬುಡದಲ್ಲಿ ಮುಗಿದಿತ್ತು. ನಮ್ಮ ಕಡೆ ಈ ಕಾಲದಲ್ಲಿ ಮರ ಉರುಳಿಸುವ ಗಾಳಿ ಬಹುತೇಕ ಬೇರೆ ಥರದ್ದು. ಗುಡುಗಿನ ಮೋಡದಿಂದ ತಣ್ಣನೆ ಗಾಳಿ ಒಮ್ಮೆಗೇ ಕೆಳಗೆ ಕುಸಿದು ನೆಲಕ್ಕೆ ಬಡಿದು ಚೆದುರುತ್ತದೆ. ಆಗ ಮರಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಬೀಳುತ್ತವೆ. ನಮ್ಮ ಏಳು ಮರಗಳಲ್ಲಿ ಮೂರು ಮೂಡಲಕ್ಕೆ, ಎರಡು ತೆಂಕಲಿಗೆ, ಎರಡು ಗಾಳಿ ಬಂದ ದಾರಿಗೇ ತಲೆ ಮಾಡಿ ಬಿದ್ದಿದ್ದವು. ಒಂದು ಮರದ ಕಾಂಡ ಬಟ್ಟೆ ಹಿಂಡಿದ ಹಾಗೆ ತಿರುಚಿತ್ತು. ಮೋಡದಿಂದ ನೆಲಕ್ಕೆ ಇಳಿಯುವ ಸುಂಟರಗಾಳಿಯ ಗುರುತೇ ಅದು. ಅಮೆರಿಕದಲ್ಲಷ್ಟೇ ಇಂಥದ್ದು ಅಂದುಕೊಂಡಿದ್ದೆ. ಆಮೇಲೆ ತಿಳಿದುಕೊಂಡೆ, 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಮಾಣಿಕ್‌ಗಂಜ್ ಕಡೆ ಇಂಥದೇ ಗಾಳಿಗೆ ಸುಮಾರು 1,300 ಜನ ಸತ್ತಿದ್ದಾರೆ. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪಾಯಿಗುರಿ ಜಿಲ್ಲೆಯ ಊರುಗಳಲ್ಲೂ ಹೀಗೇ ತಗಡುಗಳು ಹಾರಿದವು, ಜನ ಸತ್ತರು. ಆ ವಿಡಿಯೊ ನೋಡಿದಾಗ ನನ್ನ ಕೈ ತಣ್ಣಗಾಯಿತು. ಅದೇ ಸದ್ದು.

ಆ ರಾತ್ರಿಯ ಮಾತು. ಕರೆಂಟಿಲ್ಲ. ಹುಳುಗಳಲ್ಲಿ ಎಷ್ಟೋ ಮಳೆನೀರಲ್ಲಿ ತೇಲಿ ಸತ್ತಿದ್ದವು, ಎಷ್ಟೋ ರ‍್ಯಾಕಿನಲ್ಲೇ ಇನ್ನೂ ತಲೆ ಎತ್ತಿ ಸೊಪ್ಪು ಹುಡುಕುತ್ತಿದ್ದವು. ಅದನ್ನು ನೋಡುವುದು ಕಷ್ಟ. ಒದ್ದೆ ಸೊಪ್ಪು ಹಾಕಿದರೆ ಸಪ್ಪೆ ರೋಗ ಬರುತ್ತದೆ. ಅಕ್ಕಪಕ್ಕದ ಹೆಂಗಸರು ಹೇಳಿ ಕಳಿಸದೇ ಬಂದರು. ನಡುಮನೆಯಲ್ಲಿ ಚಾಪೆ ಹಾಸಿ, ಬದುಕಿದ ಹುಳುಗಳನ್ನು ಕೈಯಲ್ಲಿ ಆರಿಸಿ ತಂದು ಹರಡಿದೆವು. ಐದಾರು ಜನ ಹಳೇ ಸೀರೆ ಹರಿದುಕೊಂಡು ಒಂದೊಂದೇ ಎಲೆ ಒರೆಸಿದರು. ಅವರಲ್ಲಿ ಇಬ್ಬರ ಮನೆಗೂ ಸೂರು ಹೋಗಿತ್ತು. ಬೆಳಗಿನ ಜಾವದವರೆಗೆ ಫೋನಿನ ಟಾರ್ಚ್ ಬೆಳಕಲ್ಲಿ ಎಲೆ ಒರೆಸಿದ್ದು ನಾನು ಸಾಯುವವರೆಗೆ ಮರೆಯುವುದಿಲ್ಲ. ಕೊನೆಗೆ 31 ಕೆ.ಜಿ. ಗೂಡು ಸಿಕ್ಕಿತು.

ಆ ರಾತ್ರಿಯೇ ದೊಡ್ಡಪ್ಪ ಹಸುವಿಗೆ ಗುಂಡಿ ತೋಡಿಸಲು ಹೊರಟಿದ್ದರು. ಸೆಖೆ, ವಾಸನೆ ಬರುತ್ತದೆ, ಜೊತೆಗೆ ಮನೆಯ ಹಸು ಹಾಗೆ ಬಿದ್ದಿರುವುದನ್ನು ನೋಡಲು ಆಗುತ್ತಿರಲಿಲ್ಲ. ಡೈರಿ ಸೆಕ್ರೆಟರಿ ಅಣ್ಣ ತಡೆದರು. "ಡಾಕ್ಟರು ನೋಡಿ ಪೋಸ್ಟ್‌ಮಾರ್ಟಂ ಬರೆಯೋವರೆಗೂ ಮುಟ್ಟಬೇಡಿ. ಕಿವಿ ಓಲೆ ತೆಗೀಬೇಡಿ. ಫೋಟೋದಲ್ಲಿ ಓಲೆ ನಂಬರ್ ಕಾಣಬೇಕು." ಬೆಳಗ್ಗೆ ಹನ್ನೊಂದಕ್ಕೆ ಪಶು ವೈದ್ಯರು ಬಂದರು. ಅಲ್ಲಿಯವರೆಗೆ ದೊಡ್ಡಪ್ಪ ಹಸುವಿನ ತಲೆ ಹತ್ತಿರ ಒದ್ದೆ ಗೋಣಿಚೀಲ ಹಾಕಿಕೊಂಡು ಕೂತಿದ್ದರು, ನೊಣ ಓಡಿಸುತ್ತಾ. ಪ್ರಕೃತಿ ವಿಕೋಪದ ಆಗಿನ ನಿಯಮದಲ್ಲಿ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಕುರಿ ಮೇಕೆಗೆ 4,000. ಸೆಕ್ರೆಟರಿ ಅಣ್ಣ ಆ ಒಂದು ಮಾತು ಹೇಳದೇ ಹೋಗಿದ್ದರೆ ದೊಡ್ಡಪ್ಪನ ಕೈಗೆ ಏನೂ ಬರುತ್ತಿರಲಿಲ್ಲ.

ಅದನ್ನು ನೋಡಿ, ಬಿದ್ದದ್ದನ್ನು ಎತ್ತುವ ಮೊದಲು ಫೋಟೋ ತೆಗೆದಿಡಬೇಕು ಅಂತ ನನಗೆ ಬುದ್ಧಿ ಹೊಳೆಯಿತು. ಆದರೆ ಅಷ್ಟರಲ್ಲಿ ತಡವಾಗಿತ್ತು. ಬೆಳಕು ಹರಿಯುತ್ತಲೇ ಊರಿನವರೆಲ್ಲ ಪೊರಕೆ, ಗುದ್ದಲಿ, ಕೊಡಲಿ ಹಿಡಿದಿದ್ದರು. ಅದು ನಮ್ಮ ಕೈ ಅಭ್ಯಾಸ. ಬಿದ್ದಿದ್ದನ್ನು ಎತ್ತಬೇಕು, ಒಡೆದಿದ್ದನ್ನು ಗುಡಿಸಬೇಕು, ದಾರಿ ಬಿಡಿಸಬೇಕು. ಮುರಿದ ಹೆಂಚು ಒಂದು ಕಡೆ ರಾಶಿ ಹಾಕಿದರು. ಹುಡುಗರು ಪ್ರೀತಿಯಿಂದಲೇ ಹೋಗಿ ಅಜ್ಜಿಯ ಮನೆಯ ಮಣ್ಣು ಸರಿಸಿ, ತೊಲೆ, ಬಾಗಿಲು, ಪಾತ್ರೆ ಹೊರಗೆ ತೆಗೆದರು. ನೀಲಿ ಟಾರ್ಪಾಲಿನ್ ಕಟ್ಟಿ ಅಜ್ಜಿಗೆ ನೆರಳು ಮಾಡಿಕೊಟ್ಟರು. ಒಳ್ಳೆಯ ಕೆಲಸ, ಅಲ್ವಾ? ಆ ಟಾರ್ಪಾಲಿನ್ನೇ ಆಮೇಲೆ ತೊಂದರೆ ಮಾಡಿತು.

ಮಧ್ಯಾಹ್ನ ಗ್ರಾಮ ಆಡಳಿತ ಅಧಿಕಾರಿ ಬಂದರು. ವಿಲೇಜ್ ಅಕೌಂಟೆಂಟ್ ಅನ್ನುವ ಹುದ್ದೆಯ ಹೆಸರು ಬದಲಾಗಿದ್ದರೂ ನಮಗೆ ಅವರು ಈಗಲೂ ವಿಎ ಮೇಡಂ. ಆಕೆಯ ಹಿಂದೆ ಕಂದಾಯ ನಿರೀಕ್ಷಕ ಆರ್‌ಐ, ಪಂಚಾಯ್ತಿ ಪಿಡಿಒ, ಇಂಜಿನಿಯರ್. ಬೆಸ್ಕಾಂ ಲೈನ್‌ಮನ್‌ಗಳು ಬೆಳಗ್ಗೆಯೇ ಬಂದು ಕಂಬ ನೆಡಲು ಶುರು ಮಾಡಿದ್ದರು. ಎರಡನೇ ರಾತ್ರಿ ಊರಿಗೆ ಕರೆಂಟ್ ಬಂತು. ಆ ಹುಡುಗರಿಗೆ ಊರಿನ ಹೆಂಗಸರು ಮುದ್ದೆ, ಬಸ್ಸಾರು ಮಾಡಿ ಹಾಕಿದರು. ಶಾಲೆಯಲ್ಲಿ ಮೂರು ದಿನ ಎಲ್ಲರಿಗೂ ಒಂದೇ ಅಡುಗೆ.

ವಿಎ ಮೇಡಂ ಮಹಜರ್ ಬರೆದರು. ಅಂದರೆ ಸ್ಥಳದಲ್ಲಿ ಏನು ಕಂಡಿತು ಅಂತ ಬರೆದು, ಐದು ಜನ ಪಂಚರ ಸಹಿ ಹಾಕಿಸುವುದು. ನಾನು ಅಲ್ಲೇ ನಿಂತು ಗಮನಿಸಿದೆ. ಬರೆಯುವ ಒಂದೊಂದು ಪದಕ್ಕೂ ಬೆಲೆ ಇದೆ. ರಾಷ್ಟ್ರೀಯ ಪಟ್ಟಿಯಲ್ಲಿ ಪರಿಹಾರಕ್ಕೆ ಅಂತ 12 ವಿಕೋಪಗಳ ಹೆಸರಿವೆ. ಚಂಡಮಾರುತ, ಬರ, ಪ್ರವಾಹ, ಭೂಕಂಪ ಹೀಗೆ. ಆಲಿಕಲ್ಲು ಮಳೆ ಅದರಲ್ಲಿದೆ. ಸುಂಟರಗಾಳಿ ಅನ್ನುವ ಪದ ಅದರಲ್ಲಿಲ್ಲ. ಸ್ಥಳೀಯ ವಿಕೋಪಗಳಿಗೆ ರಾಜ್ಯಗಳು ಆ ನಿಧಿಯಲ್ಲಿ ನೂರಕ್ಕೆ ಹತ್ತರವರೆಗೆ ಬಳಸಬಹುದು, ಅದು ಬೇರೆ ದಾರಿ. ಮೇಡಂ ಅನುಭವಸ್ಥೆ. "ಆಲಿಕಲ್ಲು ಬಿತ್ತಾ? ಎಷ್ಟು ದಪ್ಪ? ಯಾರಾದರೂ ಫೋಟೋ ತೆಗೆದಿದ್ದೀರಾ?" ಅಂತ ಮೊದಲು ಅದನ್ನೇ ಕೇಳಿದರು. ನನ್ನ ಮಗಳು ಆಲಿಕಲ್ಲನ್ನು ಸ್ಟೀಲ್ ಲೋಟದಲ್ಲಿ ಹಾಕಿ ಫೋಟೋ ತೆಗೆದಿದ್ದಳು, ಆಟಕ್ಕೆ. ಆ ಫೋಟೋ ಇಡೀ ಊರಿನ ಕಡತಕ್ಕೆ ಹೋಯಿತು. 'ಆಲಿಕಲ್ಲು ಸಹಿತ ಬಿರುಗಾಳಿ ಮಳೆ' ಅಂತ ಮಹಜರ್‌ನಲ್ಲಿ ಬಂತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಪಂಚಾಯ್ತಿಗೊಂದು ಇದೆ, ಮಳೆಯ ಲೆಕ್ಕ ಅದರಿಂದ ಸಿಕ್ಕಿತು. ಗಾಳಿ ಅಳೆಯುವ ಯಂತ್ರ ಇರುವುದು ಹೋಬಳಿಯಲ್ಲಿ. ನಮ್ಮ ಊರಿನ ಅಷ್ಟು ಸಣ್ಣ ಪಟ್ಟಿಯಲ್ಲಿ ನಡೆದದ್ದು ಅಷ್ಟು ದೂರಕ್ಕೆ ಹೇಗೆ ಗೊತ್ತಾಗಬೇಕು? ಮುರಿದ ಮರಗಳೇ ಸಾಕ್ಷಿ ಹೇಳಬೇಕಾಯಿತು.

ಬೆಳೆಯ ಲೆಕ್ಕಕ್ಕೆ ಕಂದಾಯದವರು ಮತ್ತು ತೋಟಗಾರಿಕೆಯವರು ಸೇರಿ ಜಂಟಿ ಸಮೀಕ್ಷೆ ಮಾಡುತ್ತಾರೆ. ನೂರಕ್ಕೆ 33 ಅಥವಾ ಅದಕ್ಕಿಂತ ಜಾಸ್ತಿ ಹಾನಿ ಆಗಿರಬೇಕು. ನಮ್ಮದರಲ್ಲಿ ಅನುಮಾನವೇ ಇರಲಿಲ್ಲ. ಮಾವಿನಂಥ ಬಹುವಾರ್ಷಿಕ ಬೆಳೆಗೆ ಆಗ ಹೆಕ್ಟೇರಿಗೆ 22,500, ಎರಡು ಹೆಕ್ಟೇರ್ ಮಿತಿ. ಒಂದು ವರ್ಷದ ಕಾಯಿ ಉದುರಿದರೂ ಅಷ್ಟೇ, ಮಾಮ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರ ಬುಡಮೇಲಾದರೂ ಅಷ್ಟೇ. ಇದನ್ನು ನಾನು ಒಪ್ಪುವುದಿಲ್ಲ. ಕಾಯಿ ಮುಂದಿನ ವರ್ಷ ಬರುತ್ತದೆ. ಮರ ಬರಲು ಒಂದು ತಲೆಮಾರು ಬೇಕು.

ರೇಷ್ಮೆ ಲೆಕ್ಕ ಇನ್ನೂ ಬೇರೆ. ಹಿಪ್ಪುನೇರಳೆಗೆ ಆಗ ಹೆಕ್ಟೇರಿಗೆ 6,000. ಅಳೆಯುವುದು ಸೊಪ್ಪಿನ ತೋಟವನ್ನು, ಹುಳುವನ್ನಲ್ಲ. ನಮ್ಮ ತೋಟ ಹತ್ತು ದಿನದಲ್ಲಿ ಮತ್ತೆ ಚಿಗುರಿತು. ಸತ್ತದ್ದು ಹುಳು, ಹೋದದ್ದು ಹುಳುಮನೆ. ಒಂದೂವರೆ ಎಕರೆಗೆ 3,600 ಚಿಲ್ಲರೆ ಬಂತು. ಬೆಳೆ ವಿಮೆ ಮಾಡಿಸಿದವರಿಗೆ ಬೇರೆ ನಿಯಮ, ಆಲಿಕಲ್ಲಿನಂಥ ಸ್ಥಳೀಯ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ನಮ್ಮೂರಲ್ಲಿ ವಿಮೆ ಮಾಡಿಸಿದ್ದವರು ಇಬ್ಬರೇ.

ಈಗ ನಮ್ಮ ಮನೆಯ ನೋವಿನ ವಿಷಯ. ರೇಷ್ಮೆ ತೋಟ ನಮ್ಮ ಮನೆಯವರ ಹೆಸರಲ್ಲಿತ್ತು. ಎರಡು ಎಕರೆ ಮಾವಿನ ತೋಪಿನ ಪಹಣಿ ಮಾತ್ರ ಇನ್ನೂ ಮಾಮನ ಹೆಸರಲ್ಲೇ. ಮಾಮ ತೀರಿ ಹೋಗಿ ಒಂಬತ್ತು ವರ್ಷ. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನಿನ ದಾಖಲೆ ವಾರಸುದಾರರ ಹೆಸರಿಗೆ, ಮಾಡಿಸಬೇಕು, ಮಾಡಿಸಬೇಕು ಅನ್ನುತ್ತಲೇ ಇದ್ದೆವು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಈ ಮಾತು ಎತ್ತಲು ಯಾರಿಗೂ ಇಷ್ಟವಿರಲಿಲ್ಲ. ಭಾಗದ ಮಾತು ಬಂದರೆ ಊಟ ಗಂಟಲಲ್ಲಿ ಇಳಿಯುವುದಿಲ್ಲ, ನಿಮ್ಮ ಮನೆಗಳಲ್ಲೂ ಹೀಗೇ ಇರಬಹುದು.

ಪರಿಹಾರದ ಹಣ ನೇರ ಖಾತೆಗೆ ಬರುತ್ತದೆ. ಅದಕ್ಕೆ ರೈತರಿಗೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ ಇರಬೇಕು, ಆ ಐಡಿಗೆ ಸರ್ವೆ ನಂಬರ್ ಸೇರಿರಬೇಕು, ಆಧಾರ್ ಸೇರಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ತೀರಿಹೋದವರ ಹೆಸರಿನ ಪಹಣಿಗೆ ಯಾರ ಆಧಾರ್ ಕೊಡುವುದು? ರೈತ ಸಂಪರ್ಕ ಕೇಂದ್ರದ ಹುಡುಗ ಸೌಜನ್ಯದಿಂದಲೇ ಹೇಳಿದ. "ಅಕ್ಕ, ಈ ಸರ್ವೆ ನಂಬರ್ ನಿಮ್ಮ ಯಾರ ಐಡಿಗೂ ಕೂರಲ್ಲ. ಮೊದಲು ಖಾತೆ ಬದಲಾಯಿಸಿಕೊಂಡು ಬನ್ನಿ."

ಅವತ್ತಿನಿಂದ ಓಡಾಟ ಶುರುವಾಯಿತು. ಮಾಮನ ಮರಣ ಪ್ರಮಾಣ ಪತ್ರದಲ್ಲಿ ತಂದೆ ಹೆಸರಿನ ಒಂದು ಅಕ್ಷರ ಪಹಣಿಗಿಂತ ಬೇರೆ ಇತ್ತು. ಅದಕ್ಕೆ ಅಫಿಡವಿಟ್. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ. ವಂಶವೃಕ್ಷದಲ್ಲಿ ಅತ್ತೆ, ನಮ್ಮ ಮನೆಯವರು, ಬೆಂಗಳೂರಲ್ಲಿರುವ ಮೈದುನ, ಹೊಸಕೋಟೆಗೆ ಕೊಟ್ಟ ನಾದಿನಿ ಎಲ್ಲರ ಹೆಸರೂ ಬರಬೇಕು. ಮೈದುನ ಮತ್ತು ನಮ್ಮ ಮನೆಯವರ ನಡುವೆ ನಾಲ್ಕು ವರ್ಷದಿಂದ ಮಾತಿರಲಿಲ್ಲ. ನಾನೇ ಫೋನ್ ಮಾಡಿದೆ. ಮೈದುನ ಮೊದಲು ಸುಮ್ಮನಿದ್ದ. ಆಮೇಲೆ "ಅತ್ತಿಗೆ, ಅಪ್ಪ ನೆಟ್ಟ ಮರ ಎಷ್ಟು ಬಿದ್ದವು?" ಅಂತ ಕೇಳಿದ. ಏಳು ಅಂದೆ. ಬಾವಿ ಪಕ್ಕದ ಬಾದಾಮಿ ಮರ ಇದೆಯಾ ಅಂದ. ಇಲ್ಲ ಅಂದೆ. ಆ ಕಡೆ ಅವನು ಅಳುತ್ತಿದ್ದ. ಮರುದಿನ ಮೊದಲ ಬಸ್ಸಿಗೆ ಬಂದ. ಅಣ್ಣತಮ್ಮ ಇಬ್ಬರೂ ಸೇರಿ ಆ ಮರದ ಕೊಂಬೆ ಕಡಿದರು, ಬೇರೆ ಮಾತೇನೂ ಆಡಲಿಲ್ಲ. ಸಂಜೆ ಸಹಿ ಹಾಕಿದ. ನಾದಿನಿಯೂ ಬಂದು ಹಾಕಿದಳು. ಎಲ್ಲರೂ ಒಪ್ಪಿ ತೋಪನ್ನು ಸದ್ಯಕ್ಕೆ ಅತ್ತೆಯ ಹೆಸರಿಗೆ ಮಾಡಿಸಿದೆವು.

ಆದರೂ ಹೊತ್ತು ಮೀರಿತ್ತು. ಅರ್ಜಿ, ಪರಿಶೀಲನೆ, ಆಕ್ಷೇಪಣೆಗೆ ನೋಟಿಸ್, ಮ್ಯುಟೇಷನ್ ಎಲ್ಲಾ ಮುಗಿದು ಅತ್ತೆಯ ಹೆಸರಿನ ಪಹಣಿ ಕೈಗೆ ಬರುವಷ್ಟರಲ್ಲಿ ಆ ವರ್ಷದ ಪರಿಹಾರದ ಪಟ್ಟಿ ಮುಚ್ಚಿತ್ತು. ಎರಡು ಎಕರೆಗೆ ನಮಗೆ ಬರಬೇಕಿದ್ದ 18,200 ರೂಪಾಯಿ ಬರಲಿಲ್ಲ. ಯಾರನ್ನೂ ದೂರುವ ಹಾಗಿಲ್ಲ, ಒಂಬತ್ತು ವರ್ಷ ಸುಮ್ನೆ ಕೂತವರು ನಾವು. ಈಗ ಸರ್ಕಾರ ಇ-ಪೌತಿ ಅಂತ ಮಾಡುತ್ತಿದೆ. ನಿಮ್ಮ ಪಹಣಿ ಯಾರ ಹೆಸರಲ್ಲಿದೆ ಅಂತ ಈ ವಾರವೇ ನೋಡಿಕೊಳ್ಳಿ. ಹಬ್ಬದ ಊಟ ಒಂದು ಸಲ ಕಹಿ ಆದರೂ ಪರವಾಗಿಲ್ಲ.

ಅಜ್ಜಿಯ ಕಥೆ ಇದಕ್ಕಿಂತ ದೊಡ್ಡದು. ಮನೆ ಹಾನಿಯ ಮೊದಲ ಪಟ್ಟಿ ಬಂದಾಗ ಅಜ್ಜಿಯ ಹೆಸರಿನ ಮುಂದೆ 'ಗುಡಿಸಲು' ಅಂತಿತ್ತು. ಆಗ ಗುಡಿಸಲಿಗೆ 8,000. ಮನೆ ಪೂರ್ತಿ ಬಿದ್ದಿದ್ದರೆ, ಅದು ಮಣ್ಣಿನ ಗೋಡೆಯ ಕಚ್ಚಾ ಮನೆಯೇ ಆದರೂ, 1,20,000. ಒಂದು ಪದಕ್ಕೆ 1,12,000 ರೂಪಾಯಿ ವ್ಯತ್ಯಾಸ. ಯಾಕೆ ಹೀಗಾಯಿತು ಅಂದರೆ, ನೋಡಲು ಬಂದವರಿಗೆ ಕಂಡದ್ದು ಚೊಕ್ಕಟ ಮಾಡಿದ ಜಾಗ ಮತ್ತು ನೀಲಿ ಟಾರ್ಪಾಲಿನ್. ಗೋಡೆಯ ಮಣ್ಣು ನಮ್ಮ ಹುಡುಗರೇ ಹಳ್ಳಕ್ಕೆ ಸುರಿದಿದ್ದರು. ನಾಡಹೆಂಚು ಎಲ್ಲರ ಹೆಂಚಿನ ರಾಶಿಗೆ ಸೇರಿಹೋಗಿತ್ತು. ಆ ಮನೆಗೆ ಕಲ್ಲು ಪಾಯ ಇತ್ತು, ಆಳುದ್ದದ ಗೋಡೆ ಇತ್ತು, ಹಲಸಿನ ಮರದ ಬಾಗಿಲು ಇತ್ತು. ಊರಿಗೆಲ್ಲ ಗೊತ್ತು. ಕಾಗದಕ್ಕೆ ಗೊತ್ತಿರಲಿಲ್ಲ.

ನಾನು ಅಜ್ಜಿಯನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋದೆ. ಒಂದು ಸಲ ಅಲ್ಲ, ಆರು ಸಲ. ಮರುಪರಿಶೀಲನೆ ಕೇಳಿ ಅರ್ಜಿ ಕೊಟ್ಟೆವು, ಸ್ವೀಕೃತಿ ಪಡೆದೆವು. ಸ್ವೀಕೃತಿ ಇಲ್ಲದೇ ಯಾವ ಕಾಗದವನ್ನೂ ಕೊಡಬೇಡಿ. ಅರ್ಜಿಯ ಜೊತೆ ಏನಿಡುವುದು? ಪಂಚಾಯ್ತಿಗೆ ಮನೆ ಕಂದಾಯ ಕಟ್ಟಿದ ಎರಡು ಹಳೇ ರಸೀದಿ ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಿದವು. ಭಾಗ್ಯಜ್ಯೋತಿ ಕನೆಕ್ಷನ್ನಿನ ಬಿಲ್ಲು, ಅದರಲ್ಲಿ ಆರ್‌ಆರ್ ನಂಬರ್. ಇವು ಅಜ್ಜಿ ಅಲ್ಲಿ ವಾಸವಿದ್ದರು ಅಂತ ಹೇಳುತ್ತವೆ. ವಾಸವಿದ್ದದ್ದು ಎಂಥ ಮನೆಯಲ್ಲಿ ಅಂತ ಹೇಳುವುದಿಲ್ಲ.

ಒಂದು ಸಂಜೆ ಅಜ್ಜಿ ನಮ್ಮ ಜಗುಲಿ ಮೇಲೆ ಕೂತಿದ್ದರು. ನನ್ನ ಮಗಳು ಫೋನ್ ನೋಡುತ್ತಿದ್ದಳು. ಅಜ್ಜಿಯ ಮೊಮ್ಮಗಳ ಮಗುವಿನ ನಾಮಕರಣ ಹಿಂದಿನ ವರ್ಷ ಆ ಮನೆಯ ಮುಂದೆಯೇ ನಡೆದಿತ್ತು. "ಅಮ್ಮಾ, ಪಾಪುನ ತೊಟ್ಟಿಲು ಫೋಟೋ ಇದೆ ನೋಡು" ಅಂದಳು. ನಾನು ತೊಟ್ಟಿಲು ನೋಡಲಿಲ್ಲ. ತೊಟ್ಟಿಲ ಹಿಂದೆ ಗೋಡೆ ಇತ್ತು. ಸುಣ್ಣ ಬಳಿದು, ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದ ಗೋಡೆ. ಬಾಗಿಲು, ಬಾಗಿಲ ಮೇಲೆ ಮಾವಿನ ತೋರಣ, ಮೇಲೆ ಸಾಲು ಹೆಂಚು, ಗೋಡೆಗೆ ಹೊಡೆದ ಮೀಟರ್ ಬೋರ್ಡು. ಫೋಟೋದ ವಿವರ ತೆಗೆದರೆ ತಾರೀಖು, ಸಮಯ ಎಲ್ಲಾ ಇತ್ತು. ನನಗೆ ಕಣ್ಣಲ್ಲಿ ನೀರು ಬಂತು. ಅಜ್ಜಿ ಆ ಫೋಟೋವನ್ನು ತುಂಬಾ ಹೊತ್ತು ನೋಡಿ, ಬೆರಳಿಂದ ಗೋಡೆ ಸವರಿದರು. ಪರದೆ ಜರುಗಿ ಮುಂದಿನ ಫೋಟೋ ಬಂತು. "ಎಲ್ಲಮ್ಮಾ ಹೋಯ್ತು?" ಅಂತ ಗಾಬರಿಯಾದರು.

ಆ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅರ್ಜಿಗೆ ಸೇರಿಸಿದೆವು. ಊರಿನ 30 ಜನ ಸಹಿ ಹಾಕಿದರು. ಇಂಜಿನಿಯರ್ ಮತ್ತೆ ಬಂದು, ಮಣ್ಣು ಕೆರೆದು, ಪಾಯದ ಕಲ್ಲು ನೋಡಿ ಅಳತೆ ತೆಗೆದುಕೊಂಡರು. ವಿಎ ಮೇಡಂ ತಾವೇ ನಿಂತು ವರದಿ ತಿದ್ದಿ ಕಳಿಸಿದರು. ಅವರ ಮೇಲೆ ಇಪ್ಪತ್ತು ಊರಿನ ಕೆಲಸ ಇತ್ತು, ಆದರೂ ಬಂದರು. ನಾಲ್ಕೂವರೆ ತಿಂಗಳಾದ ಮೇಲೆ ಅಜ್ಜಿಯ ಖಾತೆಗೆ 1,20,000 ಬಂತು. ನಮ್ಮ ಅಡುಗೆಮನೆಗೆ, ಭಾಗಶಃ ಹಾನಿ ಅಂತ, 6,500 ಬಂದಿತ್ತು. ದೊಡ್ಡಪ್ಪನಿಗೆ ಹಸುವಿನದ್ದು, ಜೊತೆಗೆ ಮನೆಗೆ ಸೇರಿದ ಕೊಟ್ಟಿಗೆಗೆ 3,000.

ಈ ಹಣದಲ್ಲಿ ಮನೆ ಆಗುತ್ತದಾ? ಆಗುವುದಿಲ್ಲ. ಅಜ್ಜಿಗೆ ಊರಿನವರು ಕಲ್ಲು ಕಂಬ, ಚಪ್ಪಡಿ ಹೊಂದಿಸಿದರು. ಕಲ್ಲು ಕೆಲಸದವರು ಅರ್ಧ ಕೂಲಿಗೆ ಬಂದರು. ಒಂದೇ ಕೋಣೆ, ಆದರೆ ಯಾವ ಗಾಳಿಗೂ ಜಗ್ಗದ ಸೂರು.

ಹುಳುಮನೆ ಕಟ್ಟುವಾಗ ನಾನು ಕೆಲಸದವರ ತಲೆ ತಿಂದೆ. ಹಳೇ ಸೂರು ಯಾಕೆ ಹೋಯಿತು ಅಂತ ಗೊತ್ತಾಗಬೇಕಿತ್ತು. ಗಾಳಿ ಆಡಲಿ ಅಂತ ಒಂದು ಕಡೆ ಕಿಟಕಿಗಳನ್ನು ಪೂರ್ತಿ ತೆಗೆದಿಟ್ಟಿದ್ದೆವು. ಗಾಳಿ ಅಲ್ಲಿಂದ ಒಳನುಗ್ಗಿ ಸೂರನ್ನು ಒಳಗಿನಿಂದ ಮೇಲಕ್ಕೆ ತಳ್ಳಿತು, ಹೊರಗಿನ ಗಾಳಿ ಮೇಲಿನಿಂದ ಎಳೆಯಿತು. ಶೀಟಿನ ಮೇಲೆ ಕಲ್ಲು ಹೇರಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ, ಆ ಕಲ್ಲುಗಳೇ ಹಾರಿ ಬಿದ್ದಿದ್ದವು. ಜಾಸ್ತಿ ಎಳೆತ ಇರುವುದು ಅಂಚಿಗೆ ಮತ್ತು ಮೂಲೆಗೆ. ಹಾಗಾಗಿ ಈಗ ಅಲ್ಲಿ ಬೋಲ್ಟುಗಳು ಹತ್ತಿರ ಹತ್ತಿರ ಇವೆ. ಸೂರು ಗೋಡೆಯಿಂದ ಹೊರಗೆ ಚಾಚುವುದನ್ನು ಒಂದು ಅಡಿಗೆ ಇಳಿಸಿದೆವು. ಕಬ್ಬಿಣದ ತೊಲೆಗಳನ್ನು ಕಂಬಕ್ಕೆ, ಕಂಬವನ್ನು ಪಾಯಕ್ಕೆ ಬಿಗಿದು ಕಟ್ಟಿಸಿದೆವು. ಮೋಡ ಕಟ್ಟಿದರೆ ಮುಚ್ಚಲು ಕಿಟಕಿಗೆ ಹಲಗೆ ಇದೆ. ಸಾಲ ಇನ್ನೂ ತೀರಿಲ್ಲ.

ಬಿದ್ದ ಮಾವಿನ ಮರಗಳಲ್ಲಿ ಎರಡು ಚಿಕ್ಕವನ್ನು ಎರಡೇ ದಿನದಲ್ಲಿ ಜೆಸಿಬಿ ತರಿಸಿ ಎತ್ತಿ ನಿಲ್ಲಿಸಿದ್ದೆವು. ಕೊಂಬೆ ಕಡಿದು ಭಾರ ಇಳಿಸಿ, ಬೇರಿಗೆ ಮಣ್ಣು ಕೊಟ್ಟು, ಕಡಿದ ಜಾಗಕ್ಕೆ ಬೋರ್ಡೋ ಮುಲಾಮು ಹಚ್ಚಿ, ಮೂರು ಕಡೆ ಊರುಗೋಲು ಕೊಟ್ಟೆವು. ಎರಡೂ ಬದುಕಿವೆ. ಬಾವಿ ಪಕ್ಕದ ಮರ ಬದುಕಲಿಲ್ಲ. ಅದರ ಹಲಗೆಯಲ್ಲಿ ಮೈದುನ ತನ್ನ ಮನೆಗೊಂದು, ನಮ್ಮ ಮನೆಗೊಂದು ಮಣೆ ಮಾಡಿಸಿದ.

ಈಗ ನಾನು ಪ್ರತಿ ವರ್ಷ ಯುಗಾದಿ ಮುಗಿದ ವಾರ ಊರು ಸುತ್ತುತ್ತೇನೆ, ಮಗಳನ್ನು ಜೊತೆಗೆ ಕರೆದುಕೊಂಡು. ಹಬ್ಬಕ್ಕೆ ಸುಣ್ಣ ಬಳಿದಿರುತ್ತಾರೆ, ಮನೆಗಳು ಚೆನ್ನಾಗಿ ಕಾಣುತ್ತವೆ. 42 ಮನೆಗೂ ನಾಲ್ಕು ಕಡೆಯಿಂದ ಫೋಟೋ. ಸೂರು, ಗೋಡೆ, ಮೀಟರ್ ಬೋರ್ಡು, ಕೊಟ್ಟಿಗೆ, ಹುಳುಮನೆ. ಹಸುಗಳ ಕಿವಿ ಓಲೆ ನಂಬರ್ ಕಾಣುವ ಹಾಗೆ ಒಂದೊಂದು. ಎಲ್ಲವನ್ನೂ ಡೈರಿ ಕಂಪ್ಯೂಟರಿಗೂ ಹಾಕಿಸುತ್ತೇವೆ. ಮೊದಲ ವರ್ಷ ಕೆಲವರು ಅಪಶಕುನ ಅಂದರು. ಈ ವರ್ಷ ದೊಡ್ಡಪ್ಪ ತಾವೇ ಕರೆಯಲು ಬಂದರು. ಹೊಸ ಹಸುವಿಗೆ ಮೈ ತೊಳೆಸಿ, ಕೊಂಬಿಗೆ ಅರಿಸಿನ ಹಚ್ಚಿ ಕೊಟ್ಟಿಗೆ ಮುಂದೆ ನಿಲ್ಲಿಸಿದ್ದರು. ಹಸು ತಲೆ ಒದರುತ್ತಲೇ ಇತ್ತು, ಓಲೆ ಕಾಣುತ್ತಿರಲಿಲ್ಲ. ದೊಡ್ಡಪ್ಪ ಅದರ ಗಂಗೆದೊಗಲು ಸವರುತ್ತಾ, "ಒಂದು ಗಳಿಗೆ ನಿಂತ್ಕೋ ತಾಯಿ" ಅಂದರು. ಅದು ನಿಂತಿತು. ಮಗಳು ಫೋಟೋ ತೆಗೆದಳು. ಆಮೇಲೆ ನಾವು ಅಜ್ಜಿಯ ಮನೆ ಕಡೆ ಹೊರಟೆವು. ಅಜ್ಜಿ ಆಗಲೇ ಬಾಗಿಲು ಸಾರಿಸಿ, ರಂಗೋಲಿ ಹಾಕಿ, ಗೋಡೆಗೆ ಒರಗಿ ಕೂತು ಕಾಯುತ್ತಿದ್ದರು.